ಎಚ್‌ಪಿವಿ ವರದಿ ಕೈಗೆ ಬಂದರೆ ಮೊದಲು ತಾರೀಖು ನೋಡಿ

ಗರ್ಭಕಂಠದ ಕ್ಯಾನ್ಸರಿಗೆಂದು ಅತ್ತಿಗೆಗೆ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡುವುದು ಮುಗಿದು ಅಂದಿಗೆ ಇಪ್ಪತ್ತೆರಡು ದಿನ. ರಾತ್ರಿ ಒಂಬತ್ತೂವರೆಯ ಹೊತ್ತಿಗೆ ರಾಣೆಬೆನ್ನೂರಿನಿಂದ ಅಣ್ಣನ ಫೋನ್ ಬಂತು. "ಪಾಸಿಟಿವ್ ಎಂದು ಬರೆದಿದ್ದಾರೆ ತಂಗಿ. ಅಷ್ಟೆಲ್ಲ ಕರೆಂಟ್ ಕೊಟ್ಟರೂ ಹೋಗಿಲ್ಲ" ಎಂದ. ಊರಿನ ಒಂದು ಲ್ಯಾಬಿನವರು ರಿಯಾಯಿತಿ ಇದೆ ಎಂದು ಹೇಳಿ ಅತ್ತಿಗೆಗೆ ಎಚ್‌ಪಿವಿ ಎಂಬ ವೈರಸ್ಸಿನ ಪರೀಕ್ಷೆ ಮಾಡಿದ್ದರು. ಚಿಕಿತ್ಸೆ ಕೊಟ್ಟ ವೈದ್ಯರು ಅದನ್ನು ಬರೆದುಕೊಟ್ಟಿರಲಿಲ್ಲ. ಬೆಳಗಾದರೆ ಬೇರೆ ಊರಿನ ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಅಣ್ಣ ಆಗಲೇ ಕಾರು ಗೊತ್ತು ಮಾಡಿದ್ದ.

ನಾನು ದಾವಣಗೆರೆಯ ಒಂದು ಪ್ರಯೋಗಾಲಯದಲ್ಲಿ 19 ವರ್ಷಗಳಿಂದ ತಂತ್ರಜ್ಞೆ. ಇಂಥ ವರದಿಗಳು ದಿನವೂ ನನ್ನ ಕೈಯಿಂದಲೇ ಹೊರಗೆ ಹೋಗುತ್ತವೆ. ಅವು ಮನೆಯೊಂದರ ಒಳಗೆ ಹೋಗಿ ಏನು ಮಾಡುತ್ತವೆ ಎಂಬುದನ್ನು ಕಂಡದ್ದು ಆ ರಾತ್ರಿ. ಅಣ್ಣನನ್ನು ಮೂರು ಪ್ರಶ್ನೆ ಕೇಳಿದೆ. ಮಾದರಿ ತೆಗೆದದ್ದು ಯಾವ ದಿನ? ದೇಹದ ಯಾವ ಭಾಗದಿಂದ? ಮಾಡಿದ್ದು ಯಾವ ಪರೀಕ್ಷೆ? ಉತ್ತರ ಹೇಳುತ್ತ ಹೇಳುತ್ತಲೇ ಅವನ ಉಸಿರು ಸ್ವಲ್ಪ ಹದಕ್ಕೆ ಬಂತು. ಗರ್ಭಕಂಠದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರ ಮನೆಯಲ್ಲಿ ಫೈಲ್ ಹಿಡಿದು ಓಡಾಡುವವರು ಒಬ್ಬರಾದರೂ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವೈರಸ್ಸಿಗೆ ಸಂಬಂಧಿಸಿದ ವರದಿಗಳು ಚಿಕಿತ್ಸೆಯ ಫಲದ ಬಗ್ಗೆ ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂಬುದನ್ನು ತಿಳಿದು ಓದಿದರೆ ಬೇಡದ ರಾತ್ರಿಗಳು ಕಡಿಮೆಯಾಗುತ್ತವೆ.

ಮೊದಲು ವೈರಸ್ಸಿನ ಬಗ್ಗೆ ನಾಲ್ಕು ಮಾತು. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 95ರಷ್ಟಕ್ಕೆ ಕಾರಣ ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಜರ್ಮನಿಯ ಹೆರಾಲ್ಡ್ ತ್ಸೂರ್ ಹೌಸೆನ್ ಅವರ ತಂಡ 1983ರಲ್ಲಿ ಈ ಕ್ಯಾನ್ಸರಿನ ಗಡ್ಡೆಯಲ್ಲಿ 16ನೆಯ ಪ್ರಭೇದವನ್ನೂ ಮರುವರ್ಷ 18ನೆಯದನ್ನೂ ಕಂಡುಹಿಡಿಯಿತು. ಅದಕ್ಕಾಗಿ ಅವರಿಗೆ 2008ರಲ್ಲಿ ನೊಬೆಲ್ ಬಂತು. ಜಗತ್ತಿನ ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು 70 ಈ ಎರಡೇ ಪ್ರಭೇದಗಳಿಂದ ಬರುತ್ತವೆ. ವೈರಸ್ಸಿನ ಇ6, ಇ7 ಎಂಬ ಎರಡು ಪ್ರೋಟೀನುಗಳು ನಮ್ಮ ಜೀವಕೋಶದ ಎರಡು ಕಾವಲುಗಾರರನ್ನು ಕೆಡವುತ್ತವೆ. ಇ6 ಪಿ53 ಎಂಬುದನ್ನು ನಾಶಮಾಡಿಸುತ್ತದೆ, ಇ7 ಆರ್‌ಬಿ ಎಂಬುದನ್ನು ಹಿಡಿದುಕೊಂಡು ನಿಷ್ಕ್ರಿಯಗೊಳಿಸುತ್ತದೆ. ಗಡ್ಡೆ ಬದುಕಿರುವಷ್ಟು ಕಾಲ ಅದಕ್ಕೆ ಇ6, ಇ7 ಎರಡೂ ಬೇಕೇ ಬೇಕು. ಆದ್ದರಿಂದಲೇ ಚಿಕಿತ್ಸೆಯ ನಂತರ ವೈರಸ್ಸಿನ ಸುಳಿವು ಉಳಿದಿದೆಯೇ, ಅಳಿಯಿತೇ ಎಂದು ಹುಡುಕುವುದಕ್ಕೆ ಅರ್ಥವಿದೆ.

ತುಂಡು ಪರೀಕ್ಷೆಯ ವರದಿಯಲ್ಲಿ ಪಿ16

ಫೈಲಿನ ಮೊದಲ ಹಾಳೆಗಳಲ್ಲಿ ಬಯಾಪ್ಸಿ ವರದಿ ಇರುತ್ತದೆ, ಜನರ ಬಾಯಲ್ಲಿ ತುಂಡು ಪರೀಕ್ಷೆ. ಅದರಲ್ಲಿ "ಪಿ16" ಎಂಬ ಸಾಲು ಇದೆಯೇ ನೋಡಿ. ಆರ್‌ಬಿ ಕೆಲಸ ನಿಲ್ಲಿಸಿದಾಗ ಜೀವಕೋಶ ತನ್ನನ್ನು ತಾನು ತಡೆಯಲು ಪಿ16 ಎಂಬ ಪ್ರೋಟೀನನ್ನು ರಾಶಿ ರಾಶಿ ತಯಾರಿಸುತ್ತದೆ. ತಂತಿ ತುಂಡಾದ ಬ್ರೇಕನ್ನು ಚಾಲಕ ತುಳಿಯುತ್ತಲೇ ಇರುವಂತೆ. ಗಾಡಿ ನಿಲ್ಲುವುದಿಲ್ಲ, ಆದರೆ ತುಳಿತದ ಗುರುತು ನಮಗೆ ಕಾಣುತ್ತದೆ.

ಪಿ16 ಇರುವಲ್ಲಿ ಕಂದು ಬಣ್ಣ ಹಿಡಿಯುವಂತೆ ಸಿದ್ಧಪಡಿಸಿದ ಅತ್ತಿಗೆಯ ಗಾಜಿನ ಸ್ಲೈಡನ್ನು ನಮ್ಮ ವೈದ್ಯರ ಅನುಮತಿ ಪಡೆದು ನಾನೇ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಒಂದು ಪಕ್ಕದಲ್ಲಿ ಸಹಜ ಅಂಗಾಂಶ ತಿಳಿನೀಲಿಯಾಗಿತ್ತು. ಅದಕ್ಕೆ ಅಂಟಿಕೊಂಡೇ ಗಡ್ಡೆಯ ಭಾಗ ಎಲ್ಲೂ ಬಿಡುವಿಲ್ಲದೆ ಕಾಚಿನ ಬಣ್ಣಕ್ಕೆ ತಿರುಗಿತ್ತು. ಗೋಡೆಗೆ ಬಣ್ಣ ಬಳಿಯುವಾಗ ಪಟ್ಟಿ ಅಂಟಿಸಿ ಬಳಿದಷ್ಟು ನೇರವಾದ ಗಡಿ. ಹೀಗೆ ಕಂದು ಬಣ್ಣ ದಟ್ಟವಾಗಿ, ಅಖಂಡವಾಗಿ ಹಿಡಿದಿದ್ದರೆ ಮಾತ್ರ ಪಾಸಿಟಿವ್ ಎನ್ನುತ್ತಾರೆ. ಅಲ್ಲೊಂದು ಇಲ್ಲೊಂದು ಕೋಶ ಬಣ್ಣ ಹಿಡಿದಿದ್ದರೆ ಅದು ಲೆಕ್ಕಕ್ಕಿಲ್ಲ.

ಇದರಿಂದ ನಿಮಗೇನು ಉಪಯೋಗ? ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣ ಗರ್ಭಕಂಠದ ಕ್ಯಾನ್ಸರ್‌ಗಳನ್ನು ಎಚ್‌ಪಿವಿಗೆ ಸಂಬಂಧಿಸಿದವು, ಸಂಬಂಧಿಸದವು ಎಂದು ಬೇರ್ಪಡಿಸಿತು. ಸಂಬಂಧಿಸದವು ಕಡಿಮೆ, ಆದರೆ ಅವು ಹಟಮಾರಿ. ಅದರಲ್ಲೂ ಜಠರದ ಒಳಪದರವನ್ನು ಹೋಲುವ ಒಂದು ಬಗೆಯ ಅಡಿನೊಕಾರ್ಸಿನೋಮಾ (ಗ್ರಂಥಿಯ ಕೋಶಗಳಿಂದ ಹುಟ್ಟುವ ಕ್ಯಾನ್ಸರ್) ಕರೆಂಟಿಗೂ ಕೀಮೋಗೂ ಸುಲಭಕ್ಕೆ ಬಗ್ಗುವುದಿಲ್ಲ. ಪಿ16 ಪಾಸಿಟಿವ್ ಎಂಬ ಸಾಲು ಕಂಡು ಹೆದರುವವರನ್ನು ಬಹಳ ಕಂಡಿದ್ದೇನೆ. ಅದು ಹೆದರುವ ಸಾಲು ಅಲ್ಲವೇ ಅಲ್ಲ. ವೈರಸ್ಸಿನಿಂದ ಬಂದ ಗಡ್ಡೆಗಳೇ ಸಾಮಾನ್ಯವಾಗಿ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುತ್ತವೆ. ಪಿ16 ಎಂದರೆ ವೈರಸ್ಸಲ್ಲ, ಅದರ ಹೆಜ್ಜೆಗುರುತು ಎಂಬುದನ್ನೂ ನೆನಪಿಡಿ. ಹೆಜ್ಜೆಗುರುತು ಒಮ್ಮೊಮ್ಮೆ ಬೇರೆಯವರದೂ ಆಗಿರಬಹುದು. ಸಂಶಯ ಬಂದರೆ ವೈದ್ಯರು ಅದೇ ತುಂಡಿನಲ್ಲಿ ವೈರಸ್ಸಿನ ಡಿಎನ್‌ಎ ಅಥವಾ ಆರ್‌ಎನ್‌ಎ ಹುಡುಕಿಸುತ್ತಾರೆ.

ಬ್ರಷ್ಷಿನಿಂದ ತೆಗೆದ ಮಾದರಿ

ಎರಡನೆಯದು ಗರ್ಭಕಂಠವನ್ನು ಮೃದುವಾದ ಬ್ರಷ್ಷಿನಿಂದ ಉಜ್ಜಿ, ದ್ರಾವಣದ ಸಣ್ಣ ಡಬ್ಬಿಯಲ್ಲಿ ಅದ್ದಿ ಕಳಿಸುವ ಮಾದರಿ. ಇದರ ವರದಿ ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ, ಗೊಂದಲ ಹುಟ್ಟುವುದೇ ಇಲ್ಲಿಂದ. ಹೈಬ್ರಿಡ್ ಕ್ಯಾಪ್ಚರ್ 2 ಎಂಬ ಪರೀಕ್ಷೆ ಅಪಾಯಕಾರಿಯಾದ 13 ಪ್ರಭೇದಗಳಲ್ಲಿ ಯಾವುದೋ ಒಂದು ಇದೆ ಎಂದಷ್ಟೇ ಹೇಳುತ್ತದೆ, ಯಾವುದೆಂದು ಹೇಳುವುದಿಲ್ಲ. ಕೋಬಾಸ್ ಎಂಬುದು 16ನ್ನೂ 18ನ್ನೂ ಬಿಡಿಬಿಡಿಯಾಗಿ ತೋರಿಸಿ ಉಳಿದ 12ನ್ನು ಒಟ್ಟಿಗೆ ಹೇಳುತ್ತದೆ. ಚಿಕಿತ್ಸೆಗೆ ಮೊದಲು ಒಂದು ಪರೀಕ್ಷೆ, ನಂತರ ಇನ್ನೊಂದು ಮಾಡಿಸಿದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ. ಮೊದಲು 16 ಇದ್ದು, ಆಮೇಲೆ "ಇತರೆ 12" ಪಾಸಿಟಿವ್ ಬಂದರೆ ಅದು ಹಳೆಯದು ಉಳಿದದ್ದಲ್ಲ, ಬೇರೆಯದೇ ಸೋಂಕು ಇರಬಹುದು. ಹಾಗಾಗಿ ಸಾಧ್ಯವಾದಷ್ಟೂ ಅದೇ ಪ್ರಯೋಗಾಲಯ, ಅದೇ ಪರೀಕ್ಷೆ.

ವರದಿಯಲ್ಲಿರುವ ಅಂಕಿಗಳ ಬಗ್ಗೆ ವಿಶೇಷವಾಗಿ ಎಚ್ಚರ. ಹೈಬ್ರಿಡ್ ಕ್ಯಾಪ್ಚರ್‌ನಲ್ಲಿ ಒಂದು ಅನುಪಾತ ಬರೆದಿರುತ್ತಾರೆ, 1.0 ಅಥವಾ ಹೆಚ್ಚಿದ್ದರೆ ಪಾಸಿಟಿವ್. ಒಬ್ಬರಿಗೆ 4 ಬಂದಿರುತ್ತದೆ, ಇನ್ನೊಬ್ಬರಿಗೆ 400. ನಾಲ್ಕುನೂರು ಬಂದವರು ನಮ್ಮ ಕಿಟಕಿಯ ಮುಂದೆ ನಿಂತು ಅತ್ತದ್ದನ್ನು ಕಂಡಿದ್ದೇನೆ. ಆ ಅಂಕಿ ಬ್ರಷ್ಷಿಗೆ ಎಷ್ಟು ಕೋಶಗಳು ಅಂಟಿಕೊಂಡವು ಎಂಬುದನ್ನೂ ಅವಲಂಬಿಸಿರುತ್ತದೆ. ರೋಗ ಎಷ್ಟು ಮುಂದುವರಿದಿದೆ ಎಂಬುದಕ್ಕೆ ಅದು ಅಳತೆಗೋಲಾಗದು. ವೈರಸ್ಸಿನ ಡಿಎನ್‌ಎಯನ್ನು ಸುತ್ತು ಸುತ್ತಾಗಿ ನಕಲು ಮಾಡಿ ಹುಡುಕುವ ಪಿಸಿಆರ್ ವರದಿಯ "ಸಿಟಿ" ಎಂಬ ಅಂಕಿಯೂ ಹೀಗೆಯೇ, ವೈರಸ್ ಕಾಣಿಸಲು ಎಷ್ಟು ಸುತ್ತು ಬೇಕಾಯಿತು ಎಂಬ ಲೆಕ್ಕ. ಅದಕ್ಕೂ ಸಿಟಿ ಸ್ಕ್ಯಾನಿಗೂ ಯಾವ ಸಂಬಂಧವೂ ಇಲ್ಲ. ಅದು ಕಡಿಮೆಯಿದ್ದಷ್ಟೂ ಮಾದರಿಯಲ್ಲಿ ವೈರಸ್ ಹೆಚ್ಚು, ಅಂದರೆ ನಾವು ಎಣಿಸುವುದಕ್ಕೆ ತಲೆಕೆಳಗು.

ಗಡ್ಡೆ ಕಣ್ಣಿಗೆ ಕಾಣುತ್ತಿದ್ದರೂ ಬ್ರಷ್ಷಿನ ಪರೀಕ್ಷೆ ನೆಗೆಟಿವ್ ಬರುವುದುಂಟು. ರಕ್ತ, ಕೀವು, ಸತ್ತ ಅಂಗಾಂಶವೇ ಬ್ರಷ್ಷಿಗೆ ಬಂದಿರಬಹುದು. ಇನ್ನೊಂದು ಕಾರಣ ಕುತೂಹಲದ್ದು. ವೈರಸ್ ನಮ್ಮ ವರ್ಣತಂತುವಿನೊಳಗೆ ಸೇರಿಕೊಳ್ಳುವಾಗ ತನ್ನ ಎಲ್1 ಎಂಬ ಭಾಗವನ್ನು ಕಳೆದುಕೊಂಡಿರಬಹುದು. ಎಲ್1ನ್ನೇ ಹುಡುಕುವ ಪರೀಕ್ಷೆಗೆ ಆಗ ಏನೂ ಸಿಗುವುದಿಲ್ಲ. ಇ6, ಇ7 ಹುಡುಕುವ ಪರೀಕ್ಷೆಗೆ ಸಿಗುತ್ತದೆ, ಏಕೆಂದರೆ ಗಡ್ಡೆ ಅವೆರಡನ್ನು ಬಿಟ್ಟುಕೊಡುವುದಿಲ್ಲ. ತುಂಡು ಪರೀಕ್ಷೆ ಕ್ಯಾನ್ಸರ್ ಎಂದಿದ್ದರೆ ಅದೇ ಅಂತಿಮ. ವೈರಸ್ ಇಲ್ಲ ಎಂದು ಬಂತೆಂದು ಚಿಕಿತ್ಸೆಯನ್ನು ಒಂದು ದಿನವೂ ಮುಂದೂಡಬೇಡಿ.

ಕರೆಂಟ್ ನಡೆಯುತ್ತಿರುವ ವಾರಗಳಲ್ಲಿ

ಈ ಹೊತ್ತಿನಲ್ಲಿ ಮನೆಯವರಾಗಿ ಯಾವ ವೈರಸ್ ಪರೀಕ್ಷೆಯನ್ನೂ ಮಾಡಿಸಬೇಕಾಗಿಲ್ಲ. ಫಲ ನಿರ್ಧಾರವಾಗುವುದು ಬೇರೆ ಕಡೆ. ಅತ್ತಿಗೆಗೆ ಎರಡನೆಯ ಬಿ ಹಂತ, ಅಂದರೆ ಗಡ್ಡೆ ಗರ್ಭಕಂಠದ ಪಕ್ಕದ ಅಂಗಾಂಶಕ್ಕೂ ಹಬ್ಬಿತ್ತು. ಹೊರಗಿನಿಂದ 25 ಕಂತುಗಳಲ್ಲಿ 45 ಗ್ರೇ (ವಿಕಿರಣದ ಅಳತೆ) ಕರೆಂಟ್, ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ, ಕೊನೆಗೆ ಒಳಗಿನಿಂದ ಕೊಡುವ ಕರೆಂಟ್, ಅಂದರೆ ಬ್ರಾಕಿಥೆರಪಿ. ಎಲ್ಲ ಸೇರಿ 8 ವಾರಗಳೊಳಗೆ ಮುಗಿಯಬೇಕು ಎಂಬುದು ನಿಯಮ. ಆ 56 ದಿನ ದಾಟಿದಷ್ಟೂ ಗಡ್ಡೆಗೆ ಚೇತರಿಸಿಕೊಳ್ಳಲು ಬಿಡುವು ಸಿಗುತ್ತದೆ. ನಾಲ್ಕನೆಯ ವಾರ ಊರಲ್ಲಿ ಜಾತ್ರೆ ಬಂತು. ಎರಡು ದಿನ ಬಿಟ್ಟು ಹೋಗೋಣವೇ ಎಂದು ಅತ್ತಿಗೆ ಕೇಳಿದರು. ಬೇಡ ಎಂದು ನಾನೇ ಗಟ್ಟಿಯಾಗಿ ಹೇಳಿದೆ. ಅವರು ಒಂದು ದಿನವಿಡೀ ನನ್ನ ಜೊತೆ ಮಾತನಾಡಲಿಲ್ಲ. ಕೊನೆಗೆ 52ನೆಯ ದಿನ ಎಲ್ಲವೂ ಮುಗಿಯಿತು.

ಇನ್ನೊಂದು ಅಂಕಿ ಹಿಮೋಗ್ಲೋಬಿನ್. ಅತ್ತಿಗೆಗೆ ಶುರುವಿನಲ್ಲಿ 8.4 ಇತ್ತು, ರಕ್ತ ಕೊಡಿಸಿ ಮೇಲೆ ತಂದರು. ರಕ್ತಹೀನತೆ ಇದ್ದವರಲ್ಲಿ ಕರೆಂಟಿನ ಫಲ ಕಡಿಮೆ ಎಂಬುದು ಬಹುಕಾಲದಿಂದ ಗೊತ್ತಿರುವ ಸಂಗತಿ. ವೈರಸ್ಸಿನ ಪ್ರಭೇದಕ್ಕಿಂತ ಈ ಅಂಕಿಯ ಮೇಲೆ ನಿಮ್ಮ ಕಣ್ಣಿರಲಿ, ಏಕೆಂದರೆ ಇದನ್ನು ಸರಿಪಡಿಸಬಹುದು.

ಹಾಗಾದರೆ 16 ಒಳ್ಳೆಯದೇ, 18 ಕೆಟ್ಟದ್ದೇ? ಅತ್ತಿಗೆಯ ಮಗಳು ಇದನ್ನು ಎಷ್ಟೋ ಸಲ ಕೇಳಿದಳು. 18 ಮತ್ತು ಅದರ ಬಳಗದ 45 ಇದ್ದ ಗಡ್ಡೆಗಳ ಫಲ ಕೊಂಚ ಹಿಂದೆ ಎಂದು ಕೆಲವು ಅಧ್ಯಯನಗಳು ಹೇಳಿವೆ. ಎಲ್ಲವೂ ಹಾಗೆ ಹೇಳಿಲ್ಲ. ಪ್ರಭೇದ ನೋಡಿ ಕರೆಂಟಿನ ಪ್ರಮಾಣವನ್ನಾಗಲಿ ಔಷಧವನ್ನಾಗಲಿ ಯಾರೂ ಬದಲಿಸುವುದಿಲ್ಲ. ಗಡ್ಡೆಯ ಗಾತ್ರ, ಹಂತ, ದುಗ್ಧಗ್ರಂಥಿಗೆ ಹರಡಿದೆಯೇ, ಮೂತ್ರಪಿಂಡ ಹೇಗಿದೆ ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ.

ಮುಗಿದ ಮೇಲೆ ಯಾವಾಗ?

ಅಣ್ಣನ ಫೋನಿನ ಉತ್ತರ ಇಲ್ಲಿದೆ. ಕರೆಂಟ್ ನಿಂತ ದಿನವೇ ಅದರ ಕೆಲಸ ನಿಲ್ಲುವುದಿಲ್ಲ. ಪೆಟ್ಟು ತಿಂದ ಕೋಶಗಳು ವಾರಗಟ್ಟಲೆ ಸಾಯುತ್ತ, ಕರಗುತ್ತ ಹೋಗುತ್ತವೆ. ಅವುಗಳ ಜೊತೆ ಅವುಗಳೊಳಗಿನ ವೈರಸ್ ಡಿಎನ್‌ಎ ಚೂರುಗಳೂ ಹೊರಬೀಳುತ್ತವೆ. ನಮ್ಮ ಯಂತ್ರಕ್ಕೆ ಬದುಕಿದ ಕೋಶದ ಡಿಎನ್‌ಎ ಯಾವುದು, ಸತ್ತ ಕೋಶದ್ದು ಯಾವುದು ಎಂದು ತಿಳಿಯದು. ಇಪ್ಪತ್ತೆರಡನೆಯ ದಿನ ಪಾಸಿಟಿವ್ ಬಂದದ್ದಕ್ಕೆ ನಾನು ಕೊಡುವ ಬೆಲೆ ಸೊನ್ನೆ. ಇದೇ ಕಾರಣಕ್ಕೆ ಗಡ್ಡೆ ಉಳಿದಿದೆಯೇ ಎಂದು ನೋಡುವ ಪೆಟ್-ಸಿಟಿ ಸ್ಕ್ಯಾನನ್ನೂ ಮೂರು ತಿಂಗಳು ಬಿಟ್ಟು ಮಾಡಿಸುತ್ತಾರೆ. ತಿಂಗಳುಗಳು ಕಳೆದರೂ ಅದೇ ಪ್ರಭೇದ ಉಳಿದೇ ಇದ್ದರೆ ಮಾತ್ರ ಅದು ಕಿವಿಗೊಡಬೇಕಾದ ಸುದ್ದಿ. ಹಾಗೆ ಉಳಿದವರಲ್ಲಿ ರೋಗ ಮರಳುವುದು ಹೆಚ್ಚು. ಆಗಲೂ ವೈದ್ಯರು ಕೈಯಿಂದ ಪರೀಕ್ಷಿಸಿ, ಸ್ಕ್ಯಾನ್ ಮಾಡಿಸಿ, ಬೇಕಾದರೆ ತುಂಡು ತೆಗೆದೇ ನಿರ್ಧರಿಸುತ್ತಾರೆ. ಬರೀ ವೈರಸ್ ಕಂಡಿತೆಂದು ಮತ್ತೆ ಕೀಮೋ ಶುರುಮಾಡುವುದಿಲ್ಲ.

ಕ್ಯಾನ್ಸರ್ ಆಗುವ ಮುಂಚಿನ ಹಂತದಲ್ಲೇ ಪತ್ತೆಯಾಗಿ, ತಂತಿಯ ಸುರುಳಿಯಿಂದ ಆ ಭಾಗವನ್ನಷ್ಟೇ ಕತ್ತರಿಸಿ ತೆಗೆಸಿಕೊಂಡವರ ಲೆಕ್ಕವೇ ಬೇರೆ. ಅವರಿಗೆ ಎಚ್‌ಪಿವಿ ಪರೀಕ್ಷೆ ಅತ್ಯುತ್ತಮ ಮುನ್ಸೂಚನೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ರೋಗ ಉಳಿಯುವ ಅಥವಾ ಮರಳುವ ಮಹಿಳೆಯರಲ್ಲಿ ನೂರಕ್ಕೆ 91 ಮಂದಿಯನ್ನು ಚಿಕಿತ್ಸೆಯ ನಂತರದ ಎಚ್‌ಪಿವಿ ಪರೀಕ್ಷೆ ಮೊದಲೇ ಹಿಡಿಯುತ್ತದೆ. ಕತ್ತರಿಸಿದ ಅಂಚಿನಲ್ಲಿ ರೋಗವಿದೆಯೇ ಎಂದು ನೋಡುವ ಹಳೆಯ ಕ್ರಮ ಹಿಡಿಯುವುದು ಸುಮಾರು 56 ಮಂದಿಯನ್ನು. ಅಮೆರಿಕದ 2019ರ ಮಾರ್ಗಸೂಚಿಯಂತೆ ಈ ಪರೀಕ್ಷೆ ಆರು ತಿಂಗಳಿಗೆ. ಆಮೇಲೆ ಸತತ ಮೂರು ಸಲ ನೆಗೆಟಿವ್ ಬರುವವರೆಗೆ ವರ್ಷಕ್ಕೊಮ್ಮೆ, ನಂತರ ಮೂರು ವರ್ಷಕ್ಕೊಮ್ಮೆಯಂತೆ ಕನಿಷ್ಠ 25 ವರ್ಷ. ವಿಶ್ವ ಆರೋಗ್ಯ ಸಂಸ್ಥೆ ಮೊದಲ ಪರೀಕ್ಷೆಯನ್ನು 12 ತಿಂಗಳಿಗೆ ಹೇಳುತ್ತದೆ. ನಿಮ್ಮ ವೈದ್ಯರು ಯಾವುದನ್ನು ಅನುಸರಿಸುತ್ತಾರೋ ಅದನ್ನೇ ಹಿಡಿಯಿರಿ. ಬಿಡುಗಡೆಯ ಚೀಟಿಯ ಮೇಲೆ ತಾರೀಖು ಬರೆಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.

ರಕ್ತದಲ್ಲಿ ವೈರಸ್ ಡಿಎನ್‌ಎ

ನಾನು ಹೆಚ್ಚು ಆಸೆಯಿಟ್ಟುಕೊಂಡಿರುವುದು ಈ ಪರೀಕ್ಷೆಯ ಮೇಲೆ. ಗಡ್ಡೆ ಸಾಯುವಾಗಲೂ ಬೆಳೆಯುವಾಗಲೂ ತನ್ನ ಡಿಎನ್‌ಎ ಚೂರುಗಳನ್ನು ರಕ್ತಕ್ಕೆ ಬಿಡುತ್ತದೆ. ಆ ಚೂರುಗಳು ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆ, ಆಮೇಲೆ ಅಳಿದುಹೋಗುತ್ತವೆ. ಆದ್ದರಿಂದ ಇಂದು ಸಿಕ್ಕಿದ ಚೂರು ಇಂದಿನ ಸಂಗತಿಯನ್ನೇ ಹೇಳುತ್ತದೆ. ತರಬೇತಿಯಲ್ಲಿ ಡಿಜಿಟಲ್ ಪಿಸಿಆರ್ ಯಂತ್ರದ ಎದುರು ಕೂತದ್ದು ನನಗೆ ನೆನಪಿದೆ. ಎರಡು ಹನಿಯಷ್ಟೂ ಇಲ್ಲದ ದ್ರವವನ್ನು ಅದು ಎಣ್ಣೆಯಲ್ಲಿ ತೇಲುವ ಸುಮಾರು 20,000 ತುಣುಕು ಹನಿಗಳಾಗಿ ಒಡೆಯುತ್ತದೆ. ವೈರಸ್ಸಿನ ಚೂರು ಸಿಕ್ಕಿದ ಹನಿ ಬೆಳಗುತ್ತದೆ, ಸಿಗದ್ದು ಕತ್ತಲಾಗಿಯೇ ಉಳಿಯುತ್ತದೆ. ಪರದೆಯ ಕೆಳಗೆ ಸಾವಿರಾರು ಮಂಕು ಚುಕ್ಕೆಗಳ ಪಟ್ಟಿ, ಮೇಲೆ ಏಳೆಂಟು ಪ್ರಕಾಶದ ಚುಕ್ಕೆಗಳು. ಅಷ್ಟನ್ನು ಎಣಿಸಿದರೆ ಲೆಕ್ಕ ಸಿಕ್ಕಿತು.

ಕರೆಂಟ್ ಮತ್ತು ಕೀಮೋ ಮುಗಿದ ಮೇಲೂ ರಕ್ತದಲ್ಲಿ ಈ ಡಿಎನ್‌ಎ ಉಳಿದವರಲ್ಲಿ ರೋಗ ಮರಳುವ ಸಂಭವ ಗಣನೀಯವಾಗಿ ಹೆಚ್ಚು ಎಂದು ಕೆನಡಾದ ಸಂಶೋಧಕರ ತಂಡ ಮತ್ತು ಇತರರು ತೋರಿಸಿದ್ದಾರೆ. ಆದರೂ ಇದು ದಿನನಿತ್ಯದ ಚಿಕಿತ್ಸೆಯ ಭಾಗವಾಗಿಲ್ಲ. ಸಂಶೋಧನೆಗೆ ಸೇರಿಕೊಳ್ಳುವಿರಾ ಎಂದು ನಿಮ್ಮ ಆಸ್ಪತ್ರೆಯವರು ಕೇಳಿದರೆ ಎರಡು ವಿಷಯ ಗಮನಿಸಿ. ಒಂದು, ಚಿಕಿತ್ಸೆಗೆ ಮೊದಲೇ ಒಂದು ಮಾದರಿ ಕೊಟ್ಟಿರಬೇಕು. ಆಗ ರಕ್ತದಲ್ಲಿ ಏನೂ ಸಿಗದಿದ್ದವರಿಗೆ ಆಮೇಲೆ ಸಿಗಲಿಲ್ಲ ಎಂಬುದು ಸಮಾಧಾನದ ಮಾತಾಗದು. ಎರಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಾಮಾನ್ಯ ಇಡಿಟಿಎ ನಳಿಕೆಯಲ್ಲಿ ರಕ್ತ ತೆಗೆದರೆ ಕೆಲವು ಗಂಟೆಗಳೊಳಗೆ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಬೇರ್ಪಡಿಸಬೇಕು. ತಡವಾದರೆ ಬಿಳಿರಕ್ತಕಣಗಳು ಒಡೆದು ಅವುಗಳ ಡಿಎನ್‌ಎ ಸೇರಿ, ಹುಡುಕುವ ಚೂರು ರಾಶಿಯಲ್ಲಿ ಮುಚ್ಚಿಹೋಗುತ್ತದೆ. ದೂರಕ್ಕೆ ಕಳಿಸುವುದಾದರೆ ಅದಕ್ಕೆಂದೇ ಬೇರೆ ನಳಿಕೆಗಳಿವೆ, ಕೇಳಿ ತಿಳಿದುಕೊಳ್ಳಿ.

ಫೈಲಿನಲ್ಲಿ ಎಸ್‌ಸಿಸಿ ಎಂಬ ರಕ್ತಪರೀಕ್ಷೆ ಇದ್ದರೆ ಅದು ವೈರಸ್ಸಿನದಲ್ಲ, ಗಡ್ಡೆ ಬಿಡುವ ಒಂದು ಪ್ರೋಟೀನಿನದು. ಮೂತ್ರಪಿಂಡದ ತೊಂದರೆ ಅಥವಾ ಸೋರಿಯಾಸಿಸ್ ಇದ್ದರೂ ಅದು ಏರುತ್ತದೆ. ಎಚ್‌ಐವಿ ವರದಿಯೂ ಇರುತ್ತದೆ. ಎಚ್‌ಐವಿ ಇರುವ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಂಭವ ಆರು ಪಟ್ಟು ಹೆಚ್ಚು. ಅವರಿಗೆ ವೈರಲ್ ಲೋಡ್ (ರಕ್ತದಲ್ಲಿ ಎಚ್‌ಐವಿ ಎಷ್ಟಿದೆ), ಸಿಡಿ4 (ರೋಗನಿರೋಧಕ ಕಣಗಳು) ಎಣಿಕೆಗಳು ಮುಖ್ಯ, ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆಯನ್ನು ಕರೆಂಟಿನ ನಡುವೆ ನಿಲ್ಲಿಸಲೇಬಾರದು. ಆ ಹಾಳೆಯನ್ನು ಫೈಲಿನ ಮೇಲುಗಡೆ ಎಲ್ಲರ ಕಣ್ಣಿಗೆ ಬೀಳುವಂತೆ ಇಡಬೇಡಿ.

"ಇದು ಎಲ್ಲಿಂದ ಬಂತು?"

ಈ ಪ್ರಶ್ನೆಯನ್ನು ಯಾರೂ ವೈದ್ಯರೆದುರು ಕೇಳುವುದಿಲ್ಲ, ಮನೆಗೆ ಹೋದ ಮೇಲೆ ಕೇಳುತ್ತಾರೆ. ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಎಂದು ಎಲ್ಲೋ ಓದಿದ ಗಂಡ ಹೆಂಡತಿಯ ಮುಖ ನೋಡುತ್ತಾನೆ. ಹೆಂಡತಿ ಗಂಡನ ಮುಖ ನೋಡುತ್ತಾಳೆ. ವರದಿಯನ್ನು ಗಂಡನಿಗೆ ತೋರಿಸಬೇಡಿ ಎಂದು ಕೈಮುಗಿದ ಹೆಂಗಸರು ನಮ್ಮಲ್ಲಿಗೆ ಬಂದಿದ್ದಾರೆ. ದಯವಿಟ್ಟು ಇದನ್ನು ಗಟ್ಟಿಯಾಗಿ ಓದಿ ಹೇಳಿ: ದಾಂಪತ್ಯ ನಡೆಸಿದ ಬಹುತೇಕ ಎಲ್ಲ ಗಂಡಸು ಹೆಂಗಸರಿಗೂ ಬದುಕಿನಲ್ಲಿ ಒಮ್ಮೆ ಈ ವೈರಸ್ ತಗುಲುತ್ತದೆ. ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ಉಳಿದುಕೊಂಡವರಲ್ಲಿ ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಯಾವಾಗ ಬಂತು, ಯಾರಿಂದ ಬಂತು ಎಂದು ಹೇಳುವ ಪರೀಕ್ಷೆ ಯಾವುದೂ ಇಲ್ಲ. ಅಣ್ಣನಿಗೆ ಇದನ್ನು ಅತ್ತಿಗೆಯ ಎದುರಿಗೇ ಕೂರಿಸಿ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ಎದ್ದುಹೋಗಿ ಅತ್ತಿಗೆಗೆ ಬಿಸಿ ಗಂಜಿ ತಂದುಕೊಟ್ಟ.

ಒಂದು ಹಾಳೆ

ಫೈಲಿನ ಮೊದಲಿಗೆ ಒಂದು ಖಾಲಿ ಹಾಳೆ ಇಡಿ. ಅಡ್ಡಲಾಗಿ ಐದು ಅಂಕಣ ಎಳೆಯಿರಿ: ತಾರೀಖು, ಮಾದರಿ ಎಲ್ಲಿಂದ, ಪರೀಕ್ಷೆಯ ಪೂರ್ತಿ ಹೆಸರು, ಫಲಿತಾಂಶ ಪ್ರಭೇದ ಸಮೇತ, ಚಿಕಿತ್ಸೆ ಮುಗಿದು ಎಷ್ಟು ದಿನ. ಕೊನೆಯ ಅಂಕಣವನ್ನು ಯಾವ ಪ್ರಯೋಗಾಲಯವೂ ಬರೆಯುವುದಿಲ್ಲ, ನೀವೇ ಎಣಿಸಿ ಬರೆಯಬೇಕು. ವೈದ್ಯರ ಮುಂದೆ ಕೂತಾಗ ಹೀಗೆ ಕೇಳಿ: "ಡಾಕ್ಟರೇ, ಈ ಪರೀಕ್ಷೆಯ ಫಲ ಹೇಗೆ ಬಂದರೂ ನೀವು ಮಾಡುವ ಚಿಕಿತ್ಸೆ ಬದಲಾಗುತ್ತದೆಯೇ?" ಇಲ್ಲ ಎಂದರೆ ಆ ಹಣವನ್ನು ಊಟಕ್ಕೆ, ಓಡಾಟಕ್ಕೆ ಇಟ್ಟುಕೊಳ್ಳಿ.

ರೋಗ ಮರಳುವುದು ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿ. ಆ ಅವಧಿಯಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ ಕರೆದಾಗ ಹೋಗಲೇಬೇಕು, ವೈರಸ್ ನೆಗೆಟಿವ್ ಬಂದಿದ್ದರೂ ಸರಿ. ಮತ್ತೆ ರಕ್ತ ಕಂಡರೆ, ಒಂದೇ ಕಾಲು ಊದಿದರೆ, ಸೊಂಟದಿಂದ ಕಾಲಿಗೆ ಇಳಿಯುವ ನೋವು ಶುರುವಾದರೆ ಮುಂದಿನ ತಾರೀಖಿಗೆ ಕಾಯಬೇಡಿ.

ಅತ್ತಿಗೆಯ ಮೂರನೆಯ ತಿಂಗಳ ಪೆಟ್-ಸಿಟಿ ಸ್ವಚ್ಛವಾಗಿ ಬಂತು. ಎಂಟನೆಯ ತಿಂಗಳಲ್ಲಿ ಅವರ ವೈದ್ಯರೇ ಬರೆದುಕೊಟ್ಟ ಎಚ್‌ಪಿವಿ ಪರೀಕ್ಷೆಯೂ ನೆಗೆಟಿವ್. ಎರಡು ವರ್ಷ ತುಂಬಲು ಇನ್ನೂ ಏಳು ತಿಂಗಳಿದೆ.

ಇನ್ನೊಂದು ಮಾತು ಉಳಿಯಿತು. ಆಸ್ಪತ್ರೆ ಬದಲಿಸುವುದಾದರೆ ವರದಿಯ ಜೊತೆಗೆ ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಬೆರಳ ತುದಿಯಷ್ಟಿರುವ ಆ ಮೇಣದ ತುಂಡಿನೊಳಗೆ ಗಡ್ಡೆಯ ಮಾದರಿ ಇರುತ್ತದೆ. ಪಿ16 ಆಗಲಿ, ವೈರಸ್ಸಿನ ಪ್ರಭೇದವಾಗಲಿ, ವರ್ಷಗಳ ನಂತರವೂ ಅದರಿಂದಲೇ ಹೊಸದಾಗಿ ನೋಡಬಹುದು. ಬೇಸಿಗೆಯಲ್ಲಿ ಕಾರಿನ ಗಾಜಿನ ಕೆಳಗೆ ಬಿಸಿಲಿಗೆ ಇಟ್ಟರೆ ಮೇಣ ಮೆತ್ತಗಾಗಿ ಹಾಳಾಗುತ್ತದೆ. ಹತ್ತಿಯಲ್ಲಿ ಸುತ್ತಿ, ಚಿಕ್ಕ ಡಬ್ಬಿಯಲ್ಲಿ ಹಾಕಿ, ನೀರಿನ ಬಾಟಲಿಯ ಪಕ್ಕ ಕೈಚೀಲದಲ್ಲೇ ಇಟ್ಟುಕೊಂಡು ಹೋಗಿ.